ಒಂದು, ಎರಡು, ನಾಕಾ

ಗೋವೆಯ ಫಾತೋರ್ಡಾದ ಆ ಬಾಡಿಗೆ ಖೋಲಿಗಳ ಸಾಲಿನಲ್ಲಿ ಹುಲಿಗೆಪ್ಪನನ್ನು ಹೆಸರು ಹಿಡಿದು ಕರೆಯುವವರು ಇಲ್ಲ. ಕೊನೆಯ ಸ್ಲ್ಯಾಬ್ ಹಾಕಿಸಿ ಐದು ವರ್ಷವಾದರೂ ಅವನು ಎಲ್ಲರಿಗೂ ಮುಕಾದಮನೇ. ಮುಕಾದಮ ಇಟ್ಟಿಗೆ ಹೊರುವುದಿಲ್ಲ, ಮಾತು ಹೊರುತ್ತಾನೆ. ಇಂಜಿನಿಯರು ಕೊಂಕಣಿಯಲ್ಲಿ ಹೇಳಿದ್ದನ್ನೂ ಗುತ್ತಿಗೆದಾರ ಹಿಂದಿಯಲ್ಲಿ ಬೈದದ್ದನ್ನೂ ಬಾಗಲಕೋಟೆ, ಸಿಂದಗಿ ಕಡೆಯಿಂದ ಬಂದ ಕೂಲಿಯವರಿಗೆ ಕನ್ನಡದಲ್ಲಿ ಮುಟ್ಟಿಸಬೇಕು. ಬೈಗುಳವನ್ನು ದಾರಿಯಲ್ಲಿ ಸ್ವಲ್ಪ ಸೋಸಬಹುದು, ಅಳತೆಯನ್ನು ಸೋಸುವಂತಿಲ್ಲ. ಮೂವತ್ತೊಂದು ವರ್ಷ ಹುಲಿಗೆಪ್ಪ ಈ ಕೆಲಸ ಮಾಡಿದ. ದಾಬೋಲಿಮ್‌ನಿಂದ ಕುಂಡಯಿಯವರೆಗೆ ಅವನ ಬಾಯಿಂದ ಇಳಿದ ಮಾತಿನ ಮೇಲೆ ಎದ್ದ ಕಟ್ಟಡಗಳು ನಲವತ್ತಕ್ಕೂ ಹೆಚ್ಚು. ಒಂದೂ ಬಿರುಕು ಬಿಟ್ಟಿಲ್ಲ.

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಕ್ಷರ ಕೂಡಿಸಿ ಓದಬಲ್ಲ, ಆದರೆ ಓದುವುದನ್ನು ಕೀಳು ಕೆಲಸ ಎಂಬಂತೆ ನೋಡುತ್ತಿದ್ದ. "ಕಾಗದ ಇಂಜಿನಿಯರಂದು, ಕಿವಿ ನಂದು" ಎನ್ನುತ್ತಿದ್ದ. ಕಾಂಕ್ರೀಟಿನ ಯಂತ್ರದ ಗದ್ದಲದಲ್ಲೂ ಅವನ ಕೂಗು ಮೂರನೆಯ ಮಹಡಿಗೆ ಕೇಳುತ್ತಿತ್ತು: "ಒಂದು, ಎರಡು, ನಾಕ!" ಒಂದು ಪಾಲು ಸಿಮೆಂಟು, ಎರಡು ಪಾಲು ಉಸುಕು, ನಾಲ್ಕು ಪಾಲು ಖಡಿ, ಅಂದರೆ ಜಲ್ಲಿ. ದಿನಕ್ಕೆ ಇನ್ನೂರು ಸಲ ಕೂಗಿದ ಲೆಕ್ಕವದು. ಒಂದು, ಎರಡು ಎಂದು ಯಾರಾದರೂ ಅಂದರೆ ಮುಂದಿನದನ್ನು ಅವನ ಕಿವಿ ತಾನೇ ತುಂಬಿಕೊಳ್ಳುತ್ತಿತ್ತು. ಇದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಜುಲೈ ತಿಂಗಳ ಒಂದು ಸಂಜೆ.

ಅವನ ಹೆಂಡತಿ ಫಕೀರವ್ವನಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಮುಂಜಾನೆ ಅರ್ಧ ಗುಳಿಗೆ, ಮಧ್ಯಾಹ್ನ ಒಂದು, ಸಂಜೆ ಒಂದು ನುಂಗುತ್ತಿದ್ದಳು. ಆ ತಿಂಗಳ ಚೀಟಿಯಲ್ಲಿ ಡಾಕ್ಟರು ಸಂಜೆಯದನ್ನು ಬಿಡಿಸಿದ್ದರು. ಹುಲಿಗೆಪ್ಪ ಚೀಟಿಯ ಮಡಿಕೆ ಬಿಚ್ಚದೆ ಔಷಧದ ಅಂಗಡಿಯಲ್ಲಿ ಕೊಟ್ಟ. ಅಂಗಡಿಯ ಹುಡುಗಿ ಅಂಬಿಕಾ ನಮ್ಮ ಕಡೆಯವಳು, ಆದರೆ ಹುಟ್ಟಿದ್ದು ಇಲ್ಲೇ. ಮನೆಯ ಕನ್ನಡವೂ ಶಾಲೆಯ ಕೊಂಕಣಿಯೂ ಅವಳ ಬಾಯಲ್ಲಿ ಒಂದೇ ತಟ್ಟೆಯ ಅನ್ನ ಸಾರಿನಂತೆ ಕಲೆತು ಬರುತ್ತವೆ.

"ಅಜ್ಜಾ, ದಿನಾ ಒಯ್ಯೋ ಗುಳಿಗಿ ಖಾಲಿ ಆಗ್ಯಾವ. ಇದು ಅರ್ಧ ಪವರಿಂದು. ಅದಕ್ಕ ಮುಂಜಾನಿ ಒಂದು, ಮಧ್ಯಾಹ್ನ ಎರಡು, ಸಂಜಿಗೆ ನಾಕಾ. ಬರದು ಕೊಡ್ಲೇನು?"

"ಬ್ಯಾಡವಾ. ನನ್ನ ಕಿವಿ ಇನ್ನೂ ಚಲೋ ಅದಾವ."

ಕೊಂಕಣಿಯಲ್ಲಿ ನಾಕಾ ಎಂದರೆ ಬೇಡ. ಗೋವೆಗೆ ಬಂದಿಳಿದವನು ಮೊದಲ ದಿನವೇ ಕಲಿಯುವ ಮಾತು. ಹುಲಿಗೆಪ್ಪ ಅದನ್ನು ಲಕ್ಷ ಸಲ ಕೇಳಿದ್ದ, ಲಕ್ಷ ಸಲ ಆಡಿದ್ದ. ಆದರೆ ಹುಡುಗಿ ಕನ್ನಡದಲ್ಲಿ ಶುರುಮಾಡಿದ್ದಳು, ಒಂದು, ಎರಡು ಅಂದಿದ್ದಳು. ಅವನ ಕಿವಿ ಕನ್ನಡದಲ್ಲೇ ಉಳಿದು, ಮೂರನೆಯ ಜಾಗದಲ್ಲಿ ನಾಲ್ಕು ಪಾಲು ಖಡಿ ಸುರಿಯಿತು.

ಸಂಜೆ ಆರಕ್ಕೆ ಅವನು ನಾಲ್ಕು ಗುಳಿಗೆ ಬಿಡಿಸಿ ಹೆಂಡತಿಯ ಅಂಗೈಗೆ ಹಾಕಿದ. ಫಕೀರವ್ವ ಅವನ್ನು ನೋಡಿದಳು.

"ಸಂಜಿಗೆ ಒಂದಽ ಇತ್ತಲ್ಲ. ಅರ್ಧ ಪವರ್ ಅಂದ್ರ ಎರಡಾಗಬೇಕು. ನಾಕ ಹೆಂಗಾತು?"

"ಆ ಹುಡುಗಿ ಹೇಳ್ಯಾಳ."

"ಖರೇನ? ಇನ್ನೊಮ್ಮೆ ಕೇಳಿ ಬರ್ತೀರೇನು?"

"ಮೂವತ್ತು ವರ್ಷ ಮುಕಾದಮಕಿ ಮಾಡೇನಿ. ನನ್ನನ್ನ ತಿರುಗಿ ಕೇಳ್ತಿಯಾ? ನುಂಗು."

ಅವಳು ನುಂಗಿದಳು. ಏಳೂವರೆಗೆ ಮೈಯೆಲ್ಲ ಬೆವತು, ಮಾತು ತೊದಲಿ, ಒಲೆಯ ಮುಂದೆ ಕುಸಿದಳು. ಪಕ್ಕದ ಖೋಲಿಯ ಫೂಲಿಬಾಯಿ ಓಡಿಬಂದಳು, ರಿಕ್ಷಾ ತಂದಳು. ಆಸ್ಪತ್ರೆಯಲ್ಲಿ ಸಕ್ಕರೆ ಅಳೆದರೆ ಮೂವತ್ತೆಂಟು. ಇಪ್ಪತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಆಮೇಲೆ, ಗುಳಿಗೆ ಕೊಟ್ಟವರು ಯಾರು ಎಂದು ಕೊಂಕಣಿಯಲ್ಲಿ ಕೇಳಿದರು.

ಕೊಂಕಣಿ ಸರಿಯಾಗಿ ಬಲ್ಲವನು ಅವರಲ್ಲಿ ಹುಲಿಗೆಪ್ಪನೊಬ್ಬನೇ. ಹಿಂದೆ ಫೂಲಿಬಾಯಿ ನಿಂತಿದ್ದಳು, ಹೋಟೆಲಿನ ಕೆಲಸದಿಂದ ನೇರವಾಗಿ ಓಡಿಬಂದ ಸೊಸೆ ರೂಪಾ ನಿಂತಿದ್ದಳು. ಅವನು ಡಾಕ್ಟರಿಗೆ ಒಂದು ವಾಕ್ಯ ಹೇಳಿದ. ಹಿಂದಿರುಗಿ ಅದನ್ನೇ ಕನ್ನಡ ಮಾಡಿದ: "ತಾನಽ ನುಂಗ್ಯಾಳ."

ಮಾತಿನ ಮಟ್ಟಿಗೆ ಅದು ಸುಳ್ಳಲ್ಲ. ನುಂಗಿದ್ದು ಅವಳೇ. ಮುಕಾದಮ ಮಾತನ್ನು ಹೊರುವಾಗ ಅರ್ಧ ಕೆಳಗಿಳಿಸಿದ್ದ, ಅಷ್ಟೇ. ಇದು ಅವನ ಜೀವನದಲ್ಲಿ ಮೊದಲ ಸಲ.

ಮರುದಿನ ಫಕೀರವ್ವನಿಗೆ ಸರಿಯಾಗಿ ಎಚ್ಚರವಾದಾಗ ರೂಪಾ ಕೇಳಿದಳು, "ಅತ್ತಿ, ನಾಕ ಯಾಕ ನುಂಗಿದ್ರಿ? ಎಣಿಕಿ ತಪ್ಪಿತೇನು?" ಫಕೀರವ್ವ ಗಂಡನ ಕಡೆ ನೋಡಿದಳು. ಹುಲಿಗೆಪ್ಪ ತಲೆ ಎತ್ತಿ ವಾರ್ಡಿನ ಮಾಳಿಗೆಯಲ್ಲಿ ಬಿರುಕು ಹುಡುಕುತ್ತಿದ್ದ. ಅವಳು ಸ್ವಲ್ಪ ಹೊತ್ತು ಕಾದು, "ತಪ್ಪಾತವಾ" ಅಂದಳು.

ಅಂದೇ ಮಧ್ಯಾಹ್ನ ಅವನು ಔಷಧದ ಅಂಗಡಿಗೆ ಹೋಗಿ, ಸಂಜೆಯದು ಏನು ಹೇಳಿದ್ದಿ ಎಂದು ಕೇಳಿದ. "ನಾಕಾ ಅಂದಿದ್ದೆ ಅಜ್ಜಾ, ಬ್ಯಾಡ ಅಂತ. ಯಾಕ, ಏನಾತು?" ಹುಡುಗಿಯ ಮುಖ ಸಣ್ಣದಾಗಿತ್ತು. "ಏನಿಲ್ಲ, ಸುಮ್ನ ಕೇಳಿದೆ" ಎಂದು ತಿರುಗಿ ಬಂದ. ದಾರಿಯಲ್ಲಿ ಅವನ ಕಿವಿಗಳು ಸುಡುತ್ತಿದ್ದವು, ಯಾರೋ ಹಿಡಿದು ತಿರುಚಿದಂತೆ.

ಹೀಗೆ ಫಕೀರವ್ವ ಲೆಕ್ಕ ತಪ್ಪುವ ಮುದುಕಿಯಾದಳು. ರೂಪಾ ಒಳ್ಳೆಯವಳು, ಹೆದರಿಕೊಂಡಿದ್ದಳು. ಗುಳಿಗೆಯ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದಳು, ಒಲೆ ಹಚ್ಚಬೇಡಿ ಅಂದಳು. ಅದನ್ನೆಲ್ಲ ಫಕೀರವ್ವ ಸಹಿಸಿಕೊಂಡಳು. ಸಹಿಸಲಾಗದ್ದು ಮಣಿಸರದ ವಿಷಯ. ಫೂಲಿಬಾಯಿ ಕೋಲ್ವಾ ಕಡಲ ದಂಡೆಯಲ್ಲಿ ಮಾರುವ ಸರಗಳನ್ನು ಹದಿನೈದು ವರ್ಷದಿಂದ ಪೋಣಿಸಿಕೊಡುತ್ತಿದ್ದವಳು ಫಕೀರವ್ವ. ನಾಲ್ಕು ನೀಲಿ, ಒಂದು ಬಿಳಿ, ಮತ್ತೆ ನಾಲ್ಕು ನೀಲಿ. ಕಣ್ಣು ಟಿವಿಯ ಮೇಲಿದ್ದರೂ ಬೆರಳು ಎಂದೂ ಐದಕ್ಕೆ ಹೋದದ್ದಿಲ್ಲ. ಈಗ ಫೂಲಿಬಾಯಿ ಹೊಸ್ತಿಲಲ್ಲಿ ಕೂತು ಪ್ರತಿ ಸರವನ್ನೂ ಎಣಿಸಿ ಚೀಲಕ್ಕೆ ಹಾಕುತ್ತಿದ್ದಳು. "ತಪ್ಪ ತಿಳ್ಕೋಬ್ಯಾಡ ಅಕ್ಕಾ, ಟೂರಿಸ್ಟ್ ಮಂದಿ ವಾಪಸ್ ತರ್ತಾರ" ಎನ್ನುತ್ತಿದ್ದಳು. ಒಂದೂ ತಪ್ಪು ಸಿಗುತ್ತಿರಲಿಲ್ಲ. ಆದರೂ ಎಣಿಸುತ್ತಿದ್ದಳು. ಫಕೀರವ್ವ ಕೈ ಮಡಿಲಲ್ಲಿಟ್ಟು ಕೂತಿರುತ್ತಿದ್ದಳು. ಒಳಗೆ ಹುಲಿಗೆಪ್ಪ ಪ್ರತಿ ಮಣಿಯ ಸದ್ದನ್ನೂ ಕೇಳುತ್ತಿದ್ದ. ಅವನ ಕಿವಿ ಚಲೋ ಇದ್ದವು.

ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದ. ಮೊದಲ ದಿನ ಹೇಳಿದ್ದರೆ ಒಂದು ತಪ್ಪಿನ ಮಾತಾಗುತ್ತಿತ್ತು. ಹತ್ತನೆಯ ದಿನಕ್ಕೆ ಅದು ಹತ್ತು ದಿನ ಮುಚ್ಚಿಟ್ಟ ಮಾತಾಯಿತು. ಸಿಮೆಂಟಿನಂತೆ, ಹೊತ್ತು ಹೋದಷ್ಟೂ ಗಟ್ಟಿ.

ಸೆಪ್ಟೆಂಬರಿನಲ್ಲಿ ರೂಪಾ ಒಂದು ಕಾಗದ ತಂದಳು. ಹತ್ತಿರದ ಶಾಲೆಯೊಂದರ ಹಾಲ್‌ನಲ್ಲಿ, ಅರವತ್ತು ದಾಟಿದವರಿಗೆ ದಿನಬಳಕೆಯ ಕೆಲಸ ಕಲಿಸುವ ತರಗತಿ. ಎಂಟು ಭಾನುವಾರ, ಸಂಜೆ ನಾಲ್ಕಕ್ಕೆ, ಕನ್ನಡದಲ್ಲೇ. "ಅತ್ತೀನ ಸೇರಿಸೇನಿ. ಮಾವಾ, ನೀವು ಜೊತಿಗೆ ಹೋಗ್ರಿ, ಆಕಿ ಒಬ್ಬಾಕಿನಽ ಕೂಡೂದಿಲ್ಲ."

ಕಲಿಸುವವರು ಜುಲೇಖಾ. ಮಡಗಾಂವದಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿದ್ದು ನಿವೃತ್ತರಾದ ಧಾರವಾಡದ ಹೆಂಗಸು. ಕನ್ನಡಕ ಸರಪಳಿಯಲ್ಲಿ ನೇತಾಡುತ್ತಿರುತ್ತಿತ್ತು, ದನಿ ವಾರ್ಡಿನ ಈ ತುದಿಯಿಂದ ಆ ತುದಿಗೆ ಮುಟ್ಟುವಂಥದು. ಹದಿನಾಲ್ಕು ಜನ ಬಂದಿದ್ದರು. ಮೊದಲ ದಿನ ಜುಲೇಖಾ, "ನೀವೆಲ್ಲಾ ನಿವೃತ್ತರು" ಎಂದು ಶುರುಮಾಡಿದಾಗ, ವಾಸ್ಕೋ ಬಂದರಿನಲ್ಲಿ ಮೂಟೆ ಹೊತ್ತ ಕಂಠೆಪ್ಪ ಕೈ ಎತ್ತಿದ.

"ಬಾಯಾರ, ನಿವೃತ್ತಿ ಸರಕಾರದವ್ರಿಗೆ. ನಮ್ದು ಮೊಣಕಾಲ ಅಷ್ಟ ನಿವೃತ್ತಿ ಆಗ್ಯಾವ, ಹೊಟ್ಟಿ ಇನ್ನೂ ಡ್ಯೂಟಿ ಮ್ಯಾಲೈತಿ."

ಎಲ್ಲರೂ ನಕ್ಕರು. ಮೊದಲ ವಾರ ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ ಹಾಕುವುದನ್ನು ಕಲಿಸಿದರು. ಎರಡನೆಯ ವಾರ ನೆಲಕ್ಕೆ ಬಿದ್ದರೆ ಏಳುವುದು. ಚಾಪೆಯ ಮೇಲೆ ಮಲಗಿಸಿ, "ಬಿದ್ದ ಕೂಡ್ಲೆ ಏಳಾಕ ಹೋಗಬ್ಯಾಡ್ರಿ. ಮೊದಲ ಎಲ್ಲಿ ನೋವಾಗೇತಿ ನೋಡ್ಕೊರ್ರಿ. ಮಗ್ಗಲಾಗ್ರಿ, ಮೊಣಕಾಲ ಮ್ಯಾಲ ಬರ್ರಿ, ಕುರ್ಚಿ ಹಿಡೀರಿ" ಎಂದು ಹೇಳಿಸಿ ಮಾಡಿಸಿದರು. ಫಕೀರವ್ವ ಮೂರು ಉಸಿರಿಗೆ ಎದ್ದಳು. ಹುಲಿಗೆಪ್ಪ ಪೂರ್ತಿ ಕೇಳುವ ಮೊದಲೇ ಎದ್ದು, ಸೊಂಟ ಹಿಡಿದುಕೊಂಡು ಮತ್ತೆ ಕೂತ. ಮೂರನೆಯ ವಾರ ಮನೆಯ ಕರೆಂಟಿನ ಸ್ವಿಚ್ಚು. ನಾಲ್ಕನೆಯ ವಾರ ಔಷಧ.

ಆ ನಾಲ್ಕನೆಯ ಭಾನುವಾರ ಹುಲಿಗೆಪ್ಪ ಚಪ್ಪಲಿ ಮೆಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ, ಮನೆಯಲ್ಲೇ ಇರುತ್ತೇನೆ ಅಂದ. ಫಕೀರವ್ವ ಸೆರಗು ಸರಿಪಡಿಸುತ್ತ, "ಬರ್ರಿ" ಅಂದಳು. ಅಷ್ಟೇ. ಹೋದ.

ಜುಲೇಖಾರ ಮೇಜಿನ ಮೇಲೆ ಎರಡು ಬಣ್ಣದ ಕಾರ್ಡುಗಳಿದ್ದವು. ತಮ್ಮ ಗುಳಿಗೆ ತಾವೇ ತೆಗೆದುಕೊಳ್ಳಬಲ್ಲವರಿಗೆ ಹಸಿರು. ಬೇರೆಯವರು ಕೊಡಬೇಕಾದವರಿಗೆ ಹಳದಿ. ಗುಳಿಗೆಯ ಡಬ್ಬಿಯ ಮೇಲೆ ಅದನ್ನು ಅಂಟಿಸಬೇಕು, ಮನೆಯವರಿಗೂ ಡಾಕ್ಟರಿಗೂ ಗೊತ್ತಾಗಲಿ ಎಂದು. ಮನೆಯವರು ತುಂಬಿ ಕಳಿಸಿದ ಕಾಗದ ನೋಡಿ ಅವರು ಕಾರ್ಡು ಹಂಚಿದರು. ಹುಲಿಗೆಪ್ಪನಿಗೆ ಹಸಿರು ಬಂತು. ಅವನದು ದಿನಕ್ಕೊಂದು ರಕ್ತದೊತ್ತಡದ ಗುಳಿಗೆ.

"ಫಕೀರವ್ವಾರ," ಜುಲೇಖಾ ದನಿ ತಗ್ಗಿಸಿದರು, ಆದರೆ ತಗ್ಗಿದ ದನಿಯೂ ಹಾಲಿಗೆಲ್ಲ ಕೇಳಿಸಿತು. "ನಿಮ್ಮ ಸೊಸಿ ಬರದಾಳ, ಎಣಿಕಿ ತಪ್ಪಿ ಆಸ್ಪತ್ರಿಗೆ ಹೋಗಿದ್ರಂತ. ಖರೇನು?"

"ನಾಕ ನುಂಗಿದ್ದು ಖರೇರಿ."

"ತಪ್ಪು ಎಲ್ಲಾರ ಕೈಲೂ ಆಗ್ತಾವ. ನಾಚಿಕೊಳ್ಳಾಕ ಏನೂ ಇಲ್ಲ." ಅವಳ ಮುಂದೆ ಹಳದಿ ಕಾರ್ಡು ಇಟ್ಟರು.

ಹುಲಿಗೆಪ್ಪ ತನ್ನ ಹಸಿರು ಕಾರ್ಡನ್ನು ಅಂಗೈಯಿಂದ ಮುಚ್ಚಿದ. ಫಕೀರವ್ವ ಹಳದಿಯನ್ನು ಮುಚ್ಚಲಿಲ್ಲ, ಮುಟ್ಟಲೂ ಇಲ್ಲ.

ಆಮೇಲೆ ಜುಲೇಖಾ ಪಾಠ ಶುರುಮಾಡಿದರು. ಡಾಕ್ಟರಾಗಲಿ ಅಂಗಡಿಯವರಾಗಲಿ ಏನು ಹೇಳಿದರೂ ಅದನ್ನು ಅವರ ಮುಂದೆಯೇ ತಿರುಗಿ ಹೇಳಬೇಕು. ತಿಳಿಯಿತು ಎಂದು ತಲೆ ಅಲ್ಲಾಡಿಸುವುದು ಉತ್ತರವಲ್ಲ. "ತಿರುಗಿ ಕೇಳೂದು ದಡ್ಡತನ ಅಂತ ಯಾರಾರ ಹೇಳಿದ್ರ, ಅವ್ರ ಕೈಯಾಗಿನ ಗುಳಿಗಿ ತಗೋಬ್ಯಾಡ್ರಿ" ಅಂದರು. ಎಲ್ಲರನ್ನೂ ಇಬ್ಬಿಬ್ಬರಾಗಿ ಕೂಡಿಸಿ, ಹುರಿದ ಶೇಂಗಾಕಾಳನ್ನು ಗುಳಿಗೆಯೆಂದು ಹಂಚಿದರು. ಒಬ್ಬರು ಅಂಗಡಿಯವರು, ಇನ್ನೊಬ್ಬರು ಕೊಳ್ಳುವವರು.

"ಬಾಯಾರ, ಕೊಳ್ಳೋವ ಗುಳಿಗಿ ತಿಂದುಬಿಟ್ರ?" ಕಂಠೆಪ್ಪನ ಬಾಯಲ್ಲಿ ಆಗಲೇ ಎರಡು ಕಾಳಿದ್ದವು.

"ನಿಮಗ ಹಳದಿ ಕಾರ್ಡ್ ರೀ."

ಗಂಡ ಹೆಂಡತಿ ಎದುರುಬದುರಾದರು. ಫಕೀರವ್ವ ಅಂಗಡಿಯವಳು. ಅವಳು ಕಾಳುಗಳನ್ನು ಮೇಜಿನ ಮೇಲೆ ಬೆರಳಿನಿಂದ ಸರಿಸಿದಳು, ಮಣಿ ಸರಿಸುವಂತೆ. ಒಂದು ಕಡೆ ಒಂದು ಕಾಳು. ಇನ್ನೊಂದು ಕಡೆ ಎರಡು.

"ಮುಂಜಾನಿ ಒಂದು," ಅಂದಳು. "ಮಧ್ಯಾಹ್ನ ಎರಡು." ಮೂರನೆಯ ಜಾಗದಲ್ಲಿ ಏನೂ ಇಡಲಿಲ್ಲ. ಗಂಡನ ಮುಖ ನೋಡಿ ಹೇಳಿದಳು: "ಸಂಜಿಗೆ ನಾಕಾ."

ಕೊನೆಯ ಅಕ್ಷರವನ್ನು ಅವಳು ಉದ್ದಕ್ಕೆ ಎಳೆದಿದ್ದಳು, ಕೊಂಕಣಿಯವರು ಎಳೆಯುವಷ್ಟು, ಸರಿಯಾಗಿ.

ಅವಳಿಗೆ ಗೊತ್ತಿತ್ತು.

ಜುಲೇಖಾ ಗಂಡ ಹೆಂಡತಿಯ ಮೇಜಿನ ಹತ್ತಿರ ಬಂದು ನಿಂತರು. "ಮುಕಾದಮರ, ತಿರುಗಿ ಹೇಳ್ರಿ."

ಅವನು ಬಾಯಿ ತೆರೆದ. "ಮುಂಜಾನಿ ಒಂದು. ಮಧ್ಯಾಹ್ನ ಎರಡು." ನಿಲ್ಲಿಸಿದ. ಮೂವತ್ತೊಂದು ವರ್ಷ ಮೂರನೆಯ ಮಹಡಿಗೆ ಕೇಳಿಸಿದ ದನಿ ಮೇಜಿನ ಆಚೆಗೂ ಹೋಗಲಿಲ್ಲ. "ಅವತ್ತು ನಾ ಇದನ್ನ ನಾಕ ಅಂತ ಕೇಳಿಸ್ಕೊಂಡೆ. ಒಂದು, ಎರಡು, ನಾಕ. ಅಂಗಡಿ ಹುಡುಗಿ ಬ್ಯಾಡ ಅಂದಿದ್ಲು. ನಾ ನಾಕ ಕೊಟ್ಟೆ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಕಂಠೆಪ್ಪನಿಗೆ ತಿಳಿಯಿತು. "ಯಪ್ಪಾ! ಹೆಂಡ್ತಿ ಹೊಟ್ಟ್ಯಾಗ ಸ್ಲ್ಯಾಬ್ ಹಾಕಿದಿ ಬಿಡೋ ಮುಕಾದಮಾ!" ಹಾಲಿಗೆ ಹಾಲೇ ನಕ್ಕಿತು. ಜುಲೇಖಾ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಾರೋ, ನನಗೂ ಹಾಗೇ ಆಗಿತ್ತು, ಮೀನು ಮಾರುವವಳು ನಾಕಾ ಅಂದರೆ ನಾನು ನಾಲ್ಕು ಎತ್ತಿಕೊಂಡೆ ಅಂದರು. ಮತ್ತೂ ನಗು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಇದು ನಗುವಿನ ಕಥೆಯಾಗಿತ್ತು. ನಾಳೆ ಖೋಲಿಗಳ ಸಾಲಿನಲ್ಲಿ ಹಬ್ಬಿದರೂ ಮುಕಾದಮನ ಮರ್ಯಾದೆಗೆ ದೊಡ್ಡ ಧಕ್ಕೆಯಿಲ್ಲ. ಕಿವಿ ಮೋಸ ಮಾಡಿತು, ಯಾರಿಗಾದರೂ ಆಗುತ್ತದೆ. ಅವನೂ ತುಟಿ ಅಗಲಿಸಿದ. ಆಗ ಫಕೀರವ್ವನ ಕಡೆ ನೋಡಿದ. ಅವಳು ನಗುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು, ಫೂಲಿಬಾಯಿ ಸರ ಎಣಿಸುವಾಗ ಕೂತಿರುತ್ತಿದ್ದಂತೆ.

"ನಗಬ್ಯಾಡ್ರಿ," ಹುಲಿಗೆಪ್ಪ ಅಂದ. "ಇನ್ನೂ ಐತಿ."

ನಗು ತಾನಾಗಿ ಸಣ್ಣದಾಯಿತು.

"ಆಕಿ ಅವತ್ತಽ ತಿರುಗಿ ಕೇಳಿದ್ಲು. ಅರ್ಧ ಪವರ್ ಆದ್ರ ಎರಡಾಗಬೇಕು, ನಾಕ ಹೆಂಗ ಅಂತ. ಲೆಕ್ಕ ಆಕೀದಽ ಖರೇ ಇತ್ತು. ನಾ ಬೈದು ನುಂಗಿಸ್ದೆ. ಆಸ್ಪತ್ರ್ಯಾಗ ಡಾಕ್ಟರ್ ಕೇಳಿದ್ರು, ತಾನಽ ನುಂಗ್ಯಾಳ ಅಂದೆ. ಸೊಸಿ ಮುಂದನೂ ಅದನ್ನಽ ಅಂದೆ. ಹನ್ನೊಂದು ವಾರ ಆತು, ಇವತ್ತಿನತನಾ ಸುಮ್ನಿದ್ದೆ."

ಈಗ ಯಾರೂ ನಗಲಿಲ್ಲ. ಕಂಠೆಪ್ಪ ಬಾಯಲ್ಲಿದ್ದ ಕಾಳನ್ನು ಅಗಿಯುವುದನ್ನು ನಿಲ್ಲಿಸಿದ್ದ. ಹದಿನಾಲ್ಕು ಜನರ ಎದುರು ಬಟ್ಟೆ ಕಳಚಿ ನಿಂತರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ ಎಂದು ಹುಲಿಗೆಪ್ಪನಿಗೆ ಅನ್ನಿಸಿತು. ಅವನು ನೆಲ ನೋಡಿದ. ಹಾಲಿನ ನೆಲದಲ್ಲಿ ಒಂದು ಟೈಲು ಸರಿಯಾಗಿ ಕೂತಿರಲಿಲ್ಲ. ಅದನ್ನೇ ನೋಡುತ್ತ ಉಳಿದ.

ಜುಲೇಖಾ, ನಾಚಿಕೊಳ್ಳಲು ಏನೂ ಇಲ್ಲ ಎಂದು ಈ ಸಲ ಹೇಳಲಿಲ್ಲ. ಹಳದಿ ಕಾರ್ಡನ್ನು ಎತ್ತಿಕೊಂಡರು, ಹಸಿರು ಇಟ್ಟರು. "ಫಕೀರವ್ವಾರ, ತಪ್ಪು ಕಾಗದ ಓದಿ ತಪ್ಪು ಕಾರ್ಡ್ ಕೊಟ್ಟಿದ್ದೆ" ಅಂದರು. ಆಮೇಲೆ ಹುಲಿಗೆಪ್ಪನ ಅಂಗೈ ಕೆಳಗಿನ ಹಸಿರು ಕಾರ್ಡಿನ ಕಡೆ ನೋಡಿದರು. ಅವನು ಅದನ್ನು ಮುಂದೆ ತಳ್ಳಿದ. ಅವರು ಅದನ್ನು ತೆಗೆದುಕೊಂಡು ಹಳದಿ ಕೊಟ್ಟರು. "ಸದ್ಯಕ್ಕ" ಅಂದರು.

ತಿರುಗಿ ನಡೆಯುವಾಗ ಗಂಡ ಹೆಂಡತಿಯ ನಡುವೆ ನಾಲ್ಕು ಹೆಜ್ಜೆಯ ಅಂತರವಿತ್ತು. ಕ್ರೀಡಾಂಗಣದ ಮೂಲೆಯಲ್ಲಿ ಅವನು ಕೇಳಿದ.

"ನಿನಗ ಯಾವಾಗ ತಿಳೀತು?"

"ಆಸ್ಪತ್ರಿಯಿಂದ ಬಂದ ಎಂಟನೇ ದಿನ. ಅಂಬಿಕಾನ ಅಂಗಡಿಗೆ ನಾನಽ ಹೋಗಿದ್ದೆ. ನೀವೂ ಕೇಳಿ ಹೋಗೀರಿ ಅಂತ ಹೇಳಿದ್ಲು."

"ಮತ್ತ ಯಾಕ ಸುಮ್ನಿದ್ದಿ? ಯಾರಿಗಾರ ಹೇಳಬೇಕಿತ್ತು."

"ನೀವ ಹೇಳ್ತೀರಿ ಅಂತ ಕಾದೆ." ಸ್ವಲ್ಪ ದೂರ ನಡೆದ ಮೇಲೆ ಸೇರಿಸಿದಳು: "ಇವತ್ತೂ ಹೇಳ್ತಿರಲಿಲ್ಲ, ನಾ ಹೇಳಿಸಲಿಲ್ಲಂದ್ರ."

ಅದು ನಿಜವಾಗಿತ್ತು. ಕೇಳಿದ್ದನ್ನು ತಿರುಗಿ ಹೇಳಬೇಕು ಎಂಬ ಪಾಠ ನೆನಪಾಗಿ, "ಹೌದು, ಹೇಳ್ತಿರಲಿಲ್ಲ" ಅಂದ.

ತರಗತಿಯಲ್ಲಿ ಹೇಳಿದ್ದು ಸುಲಭದ ಪಾಲು ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಅವಳ ಹೆಸರು ಕೆಟ್ಟದ್ದು ಅಲ್ಲಿ ಅಲ್ಲ, ಇಲ್ಲಿ. ರೂಪಾ ಅಕ್ಕಿ ತೊಳೆಯುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲ ಹೇಳಿದ. ಈ ಸಲ ಅರ್ಧ ಕೆಳಗಿಳಿಸಲಿಲ್ಲ. ರೂಪಾಳ ಕೈ ನೀರಿನಲ್ಲಿ ನಿಂತಿತು. ಅವಳು ಮಾವನಿಗೆ ಎಂದೂ ಎದುರು ಮಾತಾಡಿದವಳಲ್ಲ.

"ನಾ ಅತ್ತಿ ಕೈಯಾಗಿನ ಸೌಟು ಕಸ್ಕೊಂಡೆ, ಮಾವಾ," ಅಂದಳು. "ಪರದೇಶದ ಮಂದಿ ಖೋಲಿ ತೊಳ್ದು ಬಂದು, ಇಲ್ಲಿ ಅತ್ತೀನ ಮಗು ಮಾಡಿ ಕೂಡಿಸಿದೆ. ನೀವು ನೋಡ್ಕೊಂತ ಇದ್ರಿ." ಕುರ್ಚಿ ಎಳೆದು ಹತ್ತಿ, ಮೇಲಿನ ಹಲಗೆಯಿಂದ ಡಬ್ಬಿ ಇಳಿಸಿ, ಎರಡೂ ಕೈಯಿಂದ ಅತ್ತೆಯ ಮುಂದಿಟ್ಟಳು. ಅಂದು ಅವಳು ಮಾವನ ತಟ್ಟೆಗೆ ಬಡಿಸಲಿಲ್ಲ. ಬಡಿಸಿದವಳು ಫಕೀರವ್ವ. ಅನ್ನ ಹಾಕಿ, ಅದರ ಪಕ್ಕ ರಕ್ತದೊತ್ತಡದ ಒಂದು ಗುಳಿಗೆ ಇಟ್ಟಳು.

"ಎಷ್ಟು?"

"ಒಂದು."

"ಇನ್ನೊಮ್ಮೆ ಹೇಳ್ರಿ."

"ಒಂದು" ಎಂದ ಹುಲಿಗೆಪ್ಪ, ನುಂಗಿದ. ಒಂದೇ ಗುಳಿಗೆ, ಆದರೂ ಇಳಿಯಲು ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ ಫೂಲಿಬಾಯಿ ಚೀಲ ಹಿಡಿದು ಬರುವ ಮೊದಲೇ ಅವನು ಹೊಸ್ತಿಲಲ್ಲಿ ಕೂತಿದ್ದ. ಮೂರನೆಯ ಸಲ ಹೇಳುವಾಗ ನಾಚಿಕೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಫೂಲಿಬಾಯಿ ಎಲ್ಲ ಕೇಳಿ, ಸೊಂಟದ ಮೇಲೆ ಕೈಯಿಟ್ಟಳು.

"ರಿಕ್ಷಾದಾಗ ನಾ ಏನ್ ಕೊಟ್ಟಿ ಅಂತ ಕೇಳಿದ್ದೆ. ಬಾಯಿ ಬಿಚ್ಚಿದ್ದಿಲ್ಲ ನೀ. ಛೀ, ಮುಕಾದಮಾ. ನನ್ ಕೈಲೇ ಅಕ್ಕನ ಮಣಿ ಎಣಿಸಿಸ್ದಿ."

ಅವಳು ಸರಗಳ ಕಟ್ಟನ್ನು ಎತ್ತಿ, ಬಿಚ್ಚದೆ, ಎಣಿಸದೆ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಒಳಗಿನಿಂದ ಫಕೀರವ್ವ ಕೂಗಿದಳು.

"ಏ ಫೂಲಿ, ಎಣಿಸದಽ ಒಯ್ತಿಯೇನು? ಇಪ್ಪತ್ತು ಅಂದಿದ್ದಿ, ಹದಿನಾರಽ ಅದಾವ. ನೀಲಿ ಮಣಿ ಮುಗ್ದಾವ. ಉಳಿದದ್ದು ನಾಳಿಗೆ ನಾಕ."

ಫೂಲಿಬಾಯಿ ತಿರುಗಿ ಹುಲಿಗೆಪ್ಪನನ್ನು ನೋಡಿದಳು. "ಕೇಳಿತೇನು? ಏನಂದ್ಲು?"

ಅವನ ಮುಖ ಕಾದಿತು. ಆದರೂ ತಲೆ ಎತ್ತಿ, ಮೂವತ್ತೊಂದು ವರ್ಷದ ಹಳೆಯ ಕೆಲಸ ಮಾಡಿದ.

"ನಾಳಿಗೆ ಇನ್ನ ನಾಲ್ಕು ಕೊಡ್ತಾಳಂತ," ಅಂದ. ಆಮೇಲೆ ಒಳಗೆ ತಿರುಗಿ ಕೇಳಿದ, "ಬರೋಬ್ಬರಿ ಹೇಳಿದ್ನೇನು?"

ಒಳಗೆ ದಾರದ ಸದ್ದು, ಮಣಿಯ ಸದ್ದು. ಸದ್ದು ನಿಂತ ಮೇಲೆ, "ಹೂಂ" ಎಂದು ಕೇಳಿಸಿತು.